ಹದಿನಾಲ್ಕು ಜನರ ಮರೆವು: ಮ್ಯಾಸಚೂಸೆಟ್ಸ್‌ನ ಒಂದು ಪ್ರಕರಣ

2012ರಲ್ಲಿ ಅಮೆರಿಕದ ಬಾಸ್ಟನ್ ಹತ್ತಿರದ ಬರ್ಲಿಂಗ್ಟನ್ ಊರಿನ ಲೇಹಿ ಆಸ್ಪತ್ರೆಗೆ ಒಬ್ಬ ಯುವಕ ಬಂದ. ಹೆರಾಯಿನ್ ಚಟ ಇದ್ದವನು. ಎಚ್ಚರ ಇತ್ತು, ಮಾತು ಸರಿ ಇತ್ತು. ಆದರೆ ಹೊಸದಾಗಿ ಹೇಳಿದ್ದು ಯಾವುದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಎಂಆರ್‌ಐ ಮಾಡಿಸಿದರು. ಮೆದುಳಿನ ಎಡ ಬಲ ಎರಡೂ ಕಡೆ, ಹೊಸ ನೆನಪು ಹಿಡಿದಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಇಡಿಯಾಗಿ ಬೆಳ್ಳಗೆ ಕಾಣಿಸಿತು. ರಕ್ತ, ಆಮ್ಲಜನಕ ಸಾಲದೆ ಜೀವಕೋಶಗಳು ಊದಿಕೊಂಡಾಗ ಸ್ಕ್ಯಾನ್‌ನಲ್ಲಿ ಹೀಗೆ ಕಾಣುತ್ತದೆ. ಸುತ್ತಮುತ್ತಲಿನ ಭಾಗಗಳಿಗೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ.

ಇದು ವೈದ್ಯರಿಗೆ ವಿಚಿತ್ರ ಅನ್ನಿಸಲು ಕಾರಣ ಇದೆ. ಪಾರ್ಶ್ವವಾಯು ಸಾಮಾನ್ಯವಾಗಿ ಒಂದು ಬದಿಗೆ ಹೊಡೆಯುತ್ತದೆ. ಒಂದು ರಕ್ತನಾಳ ಕಟ್ಟಿಕೊಂಡರೆ ಅದು ರಕ್ತ ಕೊಡುವ ಜಾಗವೆಲ್ಲ ಸಾಯುತ್ತದೆ. ಆ ಜಾಗ ಹೆಚ್ಚಾಗಿ ಇಷ್ಟು ಅಚ್ಚುಕಟ್ಟಾಗಿ ಹಿಪೊಕ್ಯಾಂಪಸ್‌ನ ಗಡಿಯೊಳಗೇ ಇರುವುದಿಲ್ಲ. ಹೃದಯ ನಿಂತು ಇಡೀ ಮೆದುಳಿಗೆ ಆಮ್ಲಜನಕ ತಪ್ಪಿದರೆ ಹಿಪೊಕ್ಯಾಂಪಸ್ ಜೊತೆಗೆ ಮೆದುಳಿನ ಹೊರಪದರ, ಒಳಗಿನ ನರಕೋಶಗಳ ಗಂಟುಗಳು, ಹಿಂಭಾಗದ ಸೆರೆಬೆಲ್ಲಮ್ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಇಲ್ಲಿ ಎರಡೂ ಅಲ್ಲ. ಎರಡು ಕಡೆ, ಒಂದೇ ಅಂಗ, ಒಂದೇ ಸಲ. ಅದೂ ಅಷ್ಟು ಚಿಕ್ಕ ವಯಸ್ಸಿನವನಿಗೆ.

ಹಿಪೊಕ್ಯಾಂಪಸ್ ಕಿವಿಯ ನೇರಕ್ಕೆ ಮೆದುಳಿನ ಒಳಗಡೆ ಎರಡೂ ಬದಿಗಿರುವ, ಕಿರುಬೆರಳಿನಷ್ಟು ದಪ್ಪದ ಭಾಗ. ಅಂಗಡಿಯಲ್ಲಿ ದಿನದ ವ್ಯವಹಾರವನ್ನು ಮೊದಲು ಕಚ್ಚಾ ಪುಸ್ತಕದಲ್ಲಿ ಗೀಚಿಕೊಂಡು, ಆಮೇಲೆ ಖಾತೆಗೆ ಏರಿಸುತ್ತಾರಲ್ವಾ? ಇದು ಆ ಕಚ್ಚಾ ಪುಸ್ತಕ. ಇದು ಹೋದರೆ ಹಳೇ ಖಾತೆ ಹಾಗೇ ಇರುತ್ತದೆ, ಹೊಸದು ಏರುವುದಿಲ್ಲ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಹೆನ್ರಿ ಮೊಲೈಸನ್. ಬಾಸ್ಟನ್‌ಗೆ ಅಷ್ಟೇನೂ ದೂರವಲ್ಲದ ಹಾರ್ಟ್‌ಫರ್ಡ್‌ನಲ್ಲಿ 1953ರಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವರ ಫಿಟ್ಸ್ ನಿಲ್ಲಿಸಲು ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು. ಆದರೆ 2008ರಲ್ಲಿ ಸಾಯುವ ತನಕ ಅವರಿಗೆ ಹೊಸ ಮುಖ, ಹೊಸ ಘಟನೆ ನೆನಪಲ್ಲಿ ಉಳಿಯಲಿಲ್ಲ. ಅವರನ್ನು ಹತ್ತಾರು ವರ್ಷ ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಪ್ರತಿ ಸಲವೂ ಹೊಸಬರಂತೆಯೇ ಪರಿಚಯ ಮಾಡಿಕೊಳ್ಳಬೇಕಿತ್ತು. ಬುದ್ಧಿ ಚುರುಕಾಗಿಯೇ ಇತ್ತು, ತಮಾಷೆ ಮಾಡುತ್ತಿದ್ದರು, ಪದಬಂಧ ತುಂಬುತ್ತಿದ್ದರು.

ಲೇಹಿಗೆ ಬಂದ ಯುವಕನಿಗೆ ಯಾರೂ ಶಸ್ತ್ರಚಿಕಿತ್ಸೆ ಮಾಡಿರಲಿಲ್ಲ.

ಇಂಥ ರೋಗಿಯನ್ನು ಪರೀಕ್ಷಿಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾಕೆಂದರೆ ಈ ತೊಂದರೆ ತಪ್ಪಿಸಿಕೊಳ್ಳುವುದೇ ಇಲ್ಲಿ. ವೈದ್ಯರು ಮೂರು ಪದ ಹೇಳುತ್ತಾರೆ. ಸೇಬು, ಕುರ್ಚಿ, ರೂಪಾಯಿ ಅಂತ ಇಟ್ಟುಕೊಳ್ಳಿ. ಈಗಲೇ ಹೇಳಿ ಅಂದರೆ ರೋಗಿ ಥಟ್ ಅಂತ ಮೂರನ್ನೂ ಹೇಳುತ್ತಾನೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರೆ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಅಂತ ಹೋಗುತ್ತಾನೆ. ಪೆನ್ನು ತೋರಿಸಿದರೆ ಪೆನ್ನು ಅನ್ನುತ್ತಾನೆ. ಗಡಿಯಾರ ಬರೆದು ತೋರಿಸುತ್ತಾನೆ. ಓದಿದ ಶಾಲೆ, ಅಮ್ಮನ ಹೆಸರು, ಹಳೇ ಕೆಲಸ ಎಲ್ಲ ಸರಿ. ಐದು ನಿಮಿಷ ಬಿಟ್ಟು ಆ ಮೂರು ಪದ ಯಾವುವು ಅಂತ ಕೇಳಿದರೆ ಮುಖ ನೋಡುತ್ತಾನೆ. ಪದ ಮರೆತುಹೋಯಿತು ಅನ್ನುವುದಿಲ್ಲ. ‘ಯಾವ ಪದ? ನೀವು ಪದ ಹೇಳಿದ್ರಾ?’ ಅನ್ನುತ್ತಾನೆ. ಒಂದು ಹಣ್ಣು, ಒಂದು ಸಾಮಾನು ಅಂತ ಸುಳಿವು ಕೊಟ್ಟರೂ ಬರುವುದಿಲ್ಲ. ವೈದ್ಯರು ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರೆ ಮತ್ತೆ ನಮಸ್ಕಾರ ಹೇಳುತ್ತಾನೆ.

ಗಮನಿಸಿ, ಆ ಐದು ನಿಮಿಷ ಕಾಯದಿದ್ದರೆ ಈ ಮನುಷ್ಯ ನಾರ್ಮಲ್. ಎಮರ್ಜೆನ್ಸಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ: ಹೆಸರೇನು, ಇದು ಯಾವ ಊರು, ಕೈ ಎತ್ತಿ, ಕಾಲು ಎತ್ತಿ. ಊರು, ತಾರೀಕು ತಪ್ಪಿದರೂ ‘ನಶೆ ಇನ್ನೂ ಇಳಿದಿಲ್ಲ’ ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ. ಅಲ್ಲಿನ ಗಲಾಟೆಯಲ್ಲಿ ಅದು ಅರ್ಥವಾಗುವ ಮಾತೇ.

ಮುಂದಿನ ಮೂರು ವರ್ಷಗಳಲ್ಲಿ ಇದೇ ಥರದ ಇನ್ನೂ ಕೆಲವರು ಕಂಡರು. ಒಬ್ಬರಾದರೆ ಅಪರೂಪದ ಕೇಸು ಅಂತ ಪತ್ರಿಕೆಗೆ ಬರೆದು ಸುಮ್ಮನಾಗಬಹುದು. ನಾಲ್ಕಾದಾಗ ಹಾಗಾಗುವುದಿಲ್ಲ. ನರರೋಗ ತಜ್ಞ ಜೆಡ್ ಬರಾಶ್ 2015ರ ನವೆಂಬರ್‌ನಲ್ಲಿ ಈ ನಾಲ್ಕು ಪ್ರಕರಣಗಳನ್ನು ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿದರು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಮುಖ್ಯ ಅನ್ನಿಸುವುದು ಈ ಹೆಜ್ಜೆ. ಕಾಲರಾ, ದಡಾರ ಆದರೆ ಇಲಾಖೆಗೆ ತಿಳಿಸಬೇಕು ಅಂತ ಎಲ್ಲ ವೈದ್ಯರಿಗೂ ಗೊತ್ತು. ಮರೆವಿನ ಬಗ್ಗೆ ಸಾಂಕ್ರಾಮಿಕ ರೋಗ ವಿಭಾಗದವರಿಗೆ ಯಾರು ಫೋನ್ ಮಾಡುತ್ತಾರೆ? ಆಗ ರಾಜ್ಯದ ಸಾಂಕ್ರಾಮಿಕ ರೋಗ ತಜ್ಞರಾಗಿದ್ದವರು ಆಲ್ಫ್ರೆಡ್ ಡಿಮರಿಯಾ. ಇಲಾಖೆ ಅದನ್ನು ತಳ್ಳಿಹಾಕಲಿಲ್ಲ. ನರರೋಗ, ರೇಡಿಯಾಲಜಿ, ಎಮರ್ಜೆನ್ಸಿಯಂಥ ಸಂಬಂಧಪಟ್ಟ ವೈದ್ಯರಿಗೆಲ್ಲ ಒಂದು ಇಮೇಲ್ ಹೋಯಿತು. ಇಂಥ ಸ್ಕ್ಯಾನ್, ಇಂಥ ಮರೆವು ಇರುವ ರೋಗಿಯನ್ನು ನೋಡಿದ್ದೀರಾ ಅಂತ.

ನೋಡಿದ್ದರು. ಇನ್ನೂ 10 ಜನ ಸಿಕ್ಕಿದರು. ಒಟ್ಟು 14. ಎಲ್ಲರೂ 2012ರಿಂದ 2016ರ ನಡುವೆ ಮ್ಯಾಸಚೂಸೆಟ್ಸ್‌ನ ಪೂರ್ವ ಭಾಗದ ಆಸ್ಪತ್ರೆಗಳಿಗೆ ಬಂದವರು. ವಯಸ್ಸು 19ರಿಂದ 52, ಸರಾಸರಿ 35. ಸಾಮಾನ್ಯವಾಗಿ ಮರೆವಿನ ಕ್ಲಿನಿಕ್ಕಿಗೆ ಬರುವವರ ಅರ್ಧ ವಯಸ್ಸು. ಆ ವೈದ್ಯರೆಲ್ಲ ತಮ್ಮ ತಮ್ಮ ಆಸ್ಪತ್ರೆಯಲ್ಲಿ ಒಬ್ಬೊಬ್ಬರನ್ನೇ ನೋಡಿ, ವಿಚಿತ್ರ ಅಂದುಕೊಂಡು ಬಿಟ್ಟಿದ್ದರು. ಸಿಡಿಸಿ ಎಂಬ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರದ ವರದಿಯಲ್ಲಿ 2017ರ ಜನವರಿ 27ರಂದು ಈ 14 ಜನರ ವಿವರ ಪ್ರಕಟವಾಯಿತು.

ವರದಿಯಲ್ಲಿ ಒಂದು ಲೆಕ್ಕ ಇದೆ. 14ರಲ್ಲಿ 13 ಜನರಿಗೆ ಮಾಮೂಲಿ ಡ್ರಗ್ ಟೆಸ್ಟ್ ಆಗಿತ್ತು. ಒಪಿಯಾಯ್ಡ್, ಅಂದರೆ ಅಫೀಮು, ಹೆರಾಯಿನ್ ಥರ ಕೆಲಸ ಮಾಡುವ ವಸ್ತು, ಪಾಸಿಟಿವ್ ಬಂದದ್ದು 8 ಜನರಿಗೆ. ಕೊಕೇನ್ ಇಬ್ಬರಿಗೆ, ನಿದ್ದೆ ಮಾತ್ರೆ ಜಾತಿಯ ಬೆಂಜೊಡಯಾಜೆಪೀನ್ ಇಬ್ಬರಿಗೆ. ಹಾಗಾದರೆ ಉಳಿದ ಐದು ಜನರಿಗೆ ಒಪಿಯಾಯ್ಡ್ ಇರಲಿಲ್ಲವೇ?

ಇಲ್ಲಿ ಟೆಸ್ಟ್ ಬಗ್ಗೆಯೇ ಸ್ವಲ್ಪ ಹೇಳಬೇಕು. ಆಸ್ಪತ್ರೆಯಲ್ಲಿ ಮೂತ್ರಕ್ಕೆ ಹಾಕುವ ಮಾಮೂಲಿ ಪಟ್ಟಿ ಒಂದು ಆಕಾರವನ್ನು ಹುಡುಕುತ್ತದೆ. ಮಾರ್ಫಿನ್ ಅಣುವಿನ ಆಕಾರ. ಅಫೀಮಿನಲ್ಲಿ ಮಾರ್ಫಿನ್ ಇದೆ, ಹೆರಾಯಿನ್ ದೇಹದೊಳಗೆ ಮಾರ್ಫಿನ್ ಆಗುತ್ತದೆ, ಕೆಮ್ಮಿನ ಸಿರಪ್ಪಿನ ಕೊಡೀನ್ ಕೂಡ ಅದೇ ಕುಲ. ಇವೆಲ್ಲ ಸಿಕ್ಕಿಬೀಳುತ್ತವೆ. ಫೆಂಟನಿಲ್ ಹಾಗಲ್ಲ. ಅದು ಗಸಗಸೆ ಗಿಡದಿಂದ ಬಂದದ್ದಲ್ಲ, ಬೆಲ್ಜಿಯಂನ ಪಾಲ್ ಯಾನ್ಸೆನ್ 1960ರ ಹೊತ್ತಿಗೆ ಪ್ರಯೋಗಾಲಯದಲ್ಲಿ ಕಟ್ಟಿದ ಔಷಧ. ಮಾರ್ಫಿನ್‌ಗಿಂತ ಸುಮಾರು 100 ಪಟ್ಟು, ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಬಲ. ಕೆಲಸ ಮಾರ್ಫಿನ್‌ನದ್ದೇ, ಆಕಾರ ಬೇರೆ. ಹಾಗಾಗಿ ಪಟ್ಟಿಗೆ ಅದು ಕಾಣುವುದೇ ಇಲ್ಲ. ಅಮೆರಿಕದಲ್ಲಿ ಈ ಮಾಮೂಲಿ ಟೆಸ್ಟ್ ಹುಡುಕುವ ಐದು ಬಗೆಯ ಡ್ರಗ್‌ಗಳ ಹೆಸರು ನಿಂತದ್ದು 1980ರ ದಶಕದಲ್ಲಿ, ಸರ್ಕಾರಿ ನೌಕರರ ಪರೀಕ್ಷೆಗೆಂದು. ಬೀದಿಯ ಮಾಲು ಬದಲಾಯಿತು, ಫೆಂಟನಿಲ್ ಮಾತ್ರ ಬಹಳ ಕಾಲ ಆ ಹೆಸರುಗಳ ಸಾಲಿಗೆ ಸೇರಲಿಲ್ಲ.

2012ರಿಂದ 2016ರ ಅವಧಿಯಲ್ಲೇ ಮ್ಯಾಸಚೂಸೆಟ್ಸ್‌ನ ಹೆರಾಯಿನ್‌ಗೆ ಫೆಂಟನಿಲ್ ಬೆರೆಯಲು ಶುರುವಾಗಿ, ಆಮೇಲೆ ಹೆರಾಯಿನ್ನನ್ನೇ ಹೊರಗೆ ತಳ್ಳಿತು. ತಗೊಳ್ಳುವವನಿಗೂ ಗೊತ್ತಿರುತ್ತಿರಲಿಲ್ಲ, ಎಷ್ಟೋ ಸಲ ಮಾರುವವನಿಗೂ. ಆ ಐದು ಜನರಲ್ಲಿ ಯಾರ ದೇಹದಲ್ಲಿ ಫೆಂಟನಿಲ್ ಇತ್ತು ಅಂತ ಈಗ ಹೇಳಲು ಬರುವುದಿಲ್ಲ, ಯಾಕೆಂದರೆ ಆಗ ಯಾರೂ ಹುಡುಕಿರಲಿಲ್ಲ. ಹುಡುಕಲು ಶುರು ಮಾಡಿದ ಮೇಲೆ ಸಿಕ್ಕಿತು. 2017ರಲ್ಲಿ ರಾಜ್ಯ ಈ ಬಗೆಯ ಮರೆವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸ್ವಲ್ಪ ಕಾಲ ಸೇರಿಸಿತು. 2018ರಲ್ಲಿ ಬರಾಶ್ ಮತ್ತು ಜೊತೆಗಾರರು ಹೆಚ್ಚು ಸೂಕ್ಷ್ಮ ಪರೀಕ್ಷೆಯಲ್ಲಿ ಫೆಂಟನಿಲ್ ಸಿಕ್ಕಿದ ರೋಗಿಗಳ ವಿವರವನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ವೆಸ್ಟ್ ವರ್ಜೀನಿಯಾದಿಂದಲೂ ಇಂಥದೇ ರೋಗಿಗಳ ವರದಿ ಬಂತು. ಅಂದರೆ ಇದು ಬಾಸ್ಟನ್ ಸುತ್ತಲಿನ ಯಾವುದೋ ಒಂದು ಕೆಟ್ಟ ಬ್ಯಾಚ್‌ನ ಕತೆ ಆಗಿರಲಿಲ್ಲ. 2023ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆಗಳು ಮೂತ್ರದ ಡ್ರಗ್ ಟೆಸ್ಟ್ ಮಾಡಿದರೆ ಫೆಂಟನಿಲ್ಲನ್ನೂ ನೋಡಲೇಬೇಕು ಅಂತ ಕಾನೂನು ಬಂದಿದೆ. ಮೊದಲ ರೋಗಿ ಲೇಹಿಗೆ ಬಂದು ಹತ್ತು ವರ್ಷದ ಮೇಲೆ.

ಹಿಪೊಕ್ಯಾಂಪಸ್ಸೇ ಯಾಕೆ? ಇದಕ್ಕೆ ಎರಡು ಉತ್ತರ ಇವೆ.

ಮೊದಲನೆಯದು ಸರಳ. ಒಪಿಯಾಯ್ಡ್ ಜಾಸ್ತಿಯಾದರೆ ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಮಂಕಾಗುತ್ತದೆ. ಉಸಿರು ನಿಧಾನವಾಗುತ್ತದೆ, ತುಟಿ ಉಗುರು ನೀಲಿಯಾಗುತ್ತವೆ, ಉಸಿರು ನಿಲ್ಲುತ್ತದೆ. ಆಮ್ಲಜನಕ ಪೂರ್ತಿ ನಿಂತರೆ ನಾಲ್ಕೈದು ನಿಮಿಷಕ್ಕೆ ಮೆದುಳಿನ ಕೋಶಗಳು ಸಾಯತೊಡಗುತ್ತವೆ. ಮೊದಲು ಸಾಯುವವುಗಳಲ್ಲಿ ಹಿಪೊಕ್ಯಾಂಪಸ್‌ನ ಸಿಎ1 ಎಂಬ ಭಾಗದ ಕೋಶಗಳೂ ಇವೆ. ಇದು ಹಳೇ ಜ್ಞಾನ. ಹೃದಯದ ಬೈಪಾಸ್ ಆದ ಮೇಲೆ ರಕ್ತ ಸಂಚಾರ ಕುಸಿದು ಮರೆವು ಬಂದ ಆರ್.ಬಿ. ಎಂಬ ರೋಗಿಯ ಮೆದುಳನ್ನು ಅವರು ತೀರಿಕೊಂಡ ಮೇಲೆ ನೋಡಿದಾಗ, ಮುಖ್ಯವಾಗಿ ಸತ್ತಿದ್ದದ್ದು ಎರಡೂ ಕಡೆಯ ಸಿಎ1 ಕೋಶಗಳೇ. 1986ರಲ್ಲಿ ಅದು ಪ್ರಕಟವಾಗಿದೆ.

ಆದರೆ ಇಷ್ಟರಿಂದ ಎಲ್ಲ ಬಿಡಿಸಿ ಹೇಳಿದಂತಾಗುವುದಿಲ್ಲ. ಉಸಿರು ನಿಂತು ಬದುಕಿದವರು ಲಕ್ಷಾಂತರ ಇದ್ದಾರೆ. ಎಲ್ಲರಿಗೂ ಈ ಚಿತ್ರ ಬರುವುದಿಲ್ಲ. 14 ಜನರಲ್ಲಿ ಕೆಲವರು ಆಸ್ಪತ್ರೆಗೆ ಬಂದಾಗ ಪ್ರಜ್ಞೆ ತಪ್ಪಿರಲೂ ಇಲ್ಲ, ಗೊಂದಲದಲ್ಲಿದ್ದರು ಅಷ್ಟೇ. ಇಲ್ಲಿ ಎರಡನೇ ಉತ್ತರ ಬರುತ್ತದೆ. ಹಿಪೊಕ್ಯಾಂಪಸ್‌ನಲ್ಲಿ ಕೆಲವು ನರಕೋಶಗಳ ಕೆಲಸವೇ ಬ್ರೇಕ್ ಹಾಕುವುದು. ಒಪಿಯಾಯ್ಡ್ ಆ ಬ್ರೇಕ್ ಕೋಶಗಳನ್ನೇ ಮಲಗಿಸುತ್ತದೆ. ಆಗ ಮುಖ್ಯ ಕೋಶಗಳು ಹದ್ದುಮೀರಿ ಕೆಲಸ ಮಾಡುತ್ತವೆ, ಹೆಚ್ಚು ಆಮ್ಲಜನಕ ಬೇಡುತ್ತವೆ. ಅದೇ ಹೊತ್ತಿಗೆ ಉಸಿರು ಕುಗ್ಗಿ ಆಮ್ಲಜನಕ ಕಡಿಮೆ. ಬೇಡಿಕೆ ಏರಿದಾಗಲೇ ಪೂರೈಕೆ ಇಳಿದರೆ ಆ ಜಾಗ ಒಂದೇ ಸುಡುತ್ತದೆ, ಅಕ್ಕಪಕ್ಕದ್ದು ಉಳಿಯುತ್ತದೆ. ಅರಿವಳಿಕೆ ತಜ್ಞ ಆ್ಯಂಡ್ರೂ ಕೋಫ್ಕಿ ಇಲಿಗಳ ಮೇಲೆ ಈ ಕೆಲಸವನ್ನು 1990ರ ದಶಕದಲ್ಲೇ ಮಾಡಿದ್ದರು. ತುಂಬಾ ಹೆಚ್ಚಿನ ಪ್ರಮಾಣದ ಫೆಂಟನಿಲ್ ಜಾತಿಯ ಔಷಧ ಕೊಟ್ಟಾಗ ಹಿಪೊಕ್ಯಾಂಪಸ್ ಇರುವ ಲಿಂಬಿಕ್ ಭಾಗದಲ್ಲಿ ಚಟುವಟಿಕೆ ಏರಿ ಹಾನಿಯಾಗುವುದನ್ನು ತೋರಿಸಿದ್ದರು. ಆಗ ಅದಕ್ಕೆ ಮನುಷ್ಯರಲ್ಲಿ ಹೋಲಿಕೆ ಸಿಕ್ಕಿರಲಿಲ್ಲ. ಕೊಕೇನ್ ಜೊತೆಗಿದ್ದರೆ ರಕ್ತನಾಳ ಬಿಗಿದು ಇನ್ನಷ್ಟು ಕೆಡಬಹುದು.

ಎರಡನೇ ಉತ್ತರ ಇನ್ನೂ ಪೂರ್ತಿ ಸಾಬೀತಾಗಿಲ್ಲ. ನನಗೆ ಎರಡೂ ಸೇರಿಯೇ ನಡೆಯುತ್ತದೆ ಅನ್ನಿಸುತ್ತದೆ. ಇನ್ನೊಂದು ಮಾತು: ಆಪರೇಷನ್ ಥಿಯೇಟರಿನಲ್ಲಿ ದಿನವೂ ಫೆಂಟನಿಲ್ ಕೊಡುತ್ತಾರೆ. ಅಲ್ಲಿ ಪ್ರಮಾಣ ಅಳೆದಿರುತ್ತದೆ, ಪಕ್ಕದಲ್ಲಿ ವೆಂಟಿಲೇಟರ್ ಇರುತ್ತದೆ, ಆಮ್ಲಜನಕದ ಮಟ್ಟ ಪರದೆಯ ಮೇಲೆ ಓಡುತ್ತಿರುತ್ತದೆ. ಇದನ್ನು ಓದಿ ಯಾರೂ ಆಪರೇಷನ್ನಿಗೆ ಹೆದರಬೇಕಾಗಿಲ್ಲ.

ಇಂಥ ರೋಗಿಗಳು ಈಗ ಯಾಕೆ ಕಾಣಿಸಿಕೊಂಡರು ಎಂಬುದಕ್ಕೆ ಇನ್ನೊಂದು ಕಾರಣ ಇರಬಹುದು. ಮೊದಲಾದರೆ ಇವರಲ್ಲಿ ಎಷ್ಟೋ ಜನ ಸಾಯುತ್ತಿದ್ದರು. ಒಪಿಯಾಯ್ಡ್ ಪರಿಣಾಮವನ್ನು ನಿಮಿಷಗಳಲ್ಲಿ ಕಳಚುವ ನಲಾಕ್ಸೋನ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1971ರಲ್ಲಿ. ಬಹಳ ಕಾಲ ಅದು ಆಸ್ಪತ್ರೆ, ಆಂಬ್ಯುಲೆನ್ಸ್ ಒಳಗೇ ಇತ್ತು. ಬಾಸ್ಟನ್ ಪಕ್ಕದ ಕ್ವಿನ್ಸಿ ಊರಿನ ಪೊಲೀಸರು 2010ರಲ್ಲಿ ಮೂಗಿಗೆ ಸಿಂಪಡಿಸುವ ನಲಾಕ್ಸೋನ್ ಇಟ್ಟುಕೊಂಡು ಗಸ್ತು ತಿರುಗಲು ಶುರು ಮಾಡಿದರು. ಆಮೇಲೆ ಬೇರೆ ಊರಿನವರೂ ಹಿಂಬಾಲಿಸಿದರು. 2023ರಿಂದ ಅಮೆರಿಕದ ಔಷಧ ಅಂಗಡಿಗಳಲ್ಲಿ ಅದನ್ನು ಚೀಟಿ ಇಲ್ಲದೆ ಕೊಳ್ಳಬಹುದು. ಇದರಿಂದ ಉಳಿದ ಜೀವಗಳು ಅಪಾರ. ಉಳಿದವರಲ್ಲಿ ಕೆಲವರು ಐದಾರು ನಿಮಿಷ ತಡವಾಗಿ ಉಳಿದವರು.

ಆ 14 ಜನರ ಮುಂದಿನ ಕತೆ ಒಂದೇ ಥರ ಇಲ್ಲ. ಕೆಲವರಿಗೆ ತಿಂಗಳುಗಳಲ್ಲಿ ನೆನಪು ಒಂದಿಷ್ಟು ಸುಧಾರಿಸಿತು. ಕೆಲವರಿಗೆ ಇಲ್ಲ. ಮೊದಲ ವಾರಗಳ ಬಿಳಿ ಗುರುತು ಸ್ಕ್ಯಾನ್‌ನಿಂದ ಮಾಯವಾದರೂ, ಆಮೇಲೆ ನೋಡಿದಾಗ ಹಿಪೊಕ್ಯಾಂಪಸ್ ಸುಕ್ಕಿ ಚಿಕ್ಕದಾಗಿರುವುದು ಕಾಣಬಹುದು.

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಸ್ಕ್ಯಾನ್ ಅಲ್ಲ. ಚಟ ಇರುವವನ ಮರೆವನ್ನು ನಾವು ಯಾವತ್ತೂ ಮರೆವು ಅಂತ ನೋಡುವುದಿಲ್ಲ. ಅಪಾಯಿಂಟ್‌ಮೆಂಟ್ ತಪ್ಪಿಸಿದ, ಅಂದರೆ ಬೇಜವಾಬ್ದಾರಿ. ನಿನ್ನೆ ಹೇಳಿದ್ದನ್ನು ಇವತ್ತು ಹೇಳಿಲ್ಲ ಅನ್ನುತ್ತಾನೆ, ಅಂದರೆ ಸುಳ್ಳುಬುರುಕ. ತಗೊಂಡ ದುಡ್ಡು ವಾಪಸ್ ಕೊಟ್ಟಿದ್ದೀನಿ ಅಂತ ವಾದ ಮಾಡುತ್ತಾನೆ, ಅಂದರೆ ಕಳ್ಳ. ಹೀಗನ್ನುವ ಮನೆಯವರನ್ನು ದೂರುವಂತಿಲ್ಲ. ಅವರು ನಿಜವಾದ ಸುಳ್ಳುಗಳನ್ನೂ ವರ್ಷಗಟ್ಟಲೆ ಕೇಳಿರುತ್ತಾರೆ. ಎರಡನ್ನೂ ಬೇರೆ ಮಾಡಿ ನೋಡುವುದು ಮನೆಯಲ್ಲಿ ಆಗುವ ಕೆಲಸವೇ ಅಲ್ಲ. ಆಸ್ಪತ್ರೆಯಲ್ಲಿ ಒಬ್ಬರು ಕೂತು ಪರೀಕ್ಷಿಸಬೇಕು.

ಇನ್ನು ಚಟದ ಚಿಕಿತ್ಸೆ ನಿಂತಿರುವುದೇ ನೆನಪಿನ ಮೇಲೆ. ಆಪ್ತಸಲಹೆಗಾರರ ಜೊತೆ ಒಂದು ಗಂಟೆ ಮಾತಾಡಿ, ಯಾವ ಸಂದರ್ಭದಲ್ಲಿ ಆಸೆ ಹುಟ್ಟುತ್ತದೆ, ಹುಟ್ಟಿದಾಗ ಏನು ಮಾಡಬೇಕು ಅಂತ ಕಲಿಯುತ್ತಾರೆ. ಕಲಿತದ್ದು ಬಾಗಿಲು ದಾಟುವಷ್ಟರಲ್ಲಿ ಹೋದರೆ? ಒಪಿಯಾಯ್ಡ್ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಬೆಳಿಗ್ಗೆ ತಗೊಂಡಿದ್ದು ಮರೆತು ಮತ್ತೆ ತಗೊಂಡರೆ? ಅತಿ ಅಪಾಯದ್ದು ಇನ್ನೊಂದಿದೆ. ಸಾವಿನ ಬಾಯಿಗೆ ಹೋಗಿ ಬಂದದ್ದೇ ನೆನಪಿಲ್ಲದವನಿಗೆ ಅದರ ಭಯ ಎಲ್ಲಿಂದ ಬರಬೇಕು? ಕೆಲವು ವಾರ ಡ್ರಗ್ ಬಿಟ್ಟರೆ ದೇಹದ ತಡೆಯುವ ಶಕ್ತಿ ಇಳಿದಿರುತ್ತದೆ. ಹಳೇ ಪ್ರಮಾಣವೇ ಈಗ ಕೊಲ್ಲುವ ಪ್ರಮಾಣ. ಅದನ್ನು ವೈದ್ಯರು ಹತ್ತು ಸಲ ಹೇಳಿರುತ್ತಾರೆ. ಹಳೇ ಪ್ರಮಾಣ ಅವನಿಗೆ ಚೆನ್ನಾಗಿ ನೆನಪಿರುತ್ತದೆ, ಎಚ್ಚರಿಕೆ ನೆನಪಿರುವುದಿಲ್ಲ.

ಮೊದಲೇ ಗೊತ್ತಾದರೆ ಇದಕ್ಕೆಲ್ಲ ದಾರಿ ಇದೆ. ತಿಂಗಳಿಗೊಮ್ಮೆ ಚುಚ್ಚುವ ಬ್ಯುಪ್ರೆನಾರ್ಫಿನ್‌ಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಿದೆ. ದಿನವೂ ನೆನಪಿಟ್ಟುಕೊಳ್ಳುವ ಭಾರ ಅದರಿಂದ ತಪ್ಪುತ್ತದೆ. ಅದು ಸಿಗದ ಕಡೆ ಮನೆಯವರೊಬ್ಬರು ಕಣ್ಣೆದುರಿಗೇ ಮಾತ್ರೆ ಕೊಡಬಹುದು. ಆಪ್ತಸಲಹೆಯನ್ನು ಚಿಕ್ಕದಾಗಿ, ಪದೇ ಪದೇ, ಬರೆದುಕೊಟ್ಟು ಮಾಡಬಹುದು. ಗೋಡೆಯ ಮೇಲೆ ಒಂದು ಹಲಗೆ, ಫೋನಿನಲ್ಲಿ ಅಲಾರಾಂ, ಜೇಬಿನಲ್ಲಿ ಒಂದು ಪುಸ್ತಕ. ಹಿಪೊಕ್ಯಾಂಪಸ್ ಇಲ್ಲದಿದ್ದರೂ ದಿನವೂ ಮಾಡಿ ಮಾಡಿ ಕೈಗೆ ಹತ್ತುವ ಅಭ್ಯಾಸಗಳು ಕಲಿಯಲು ಬರುತ್ತವೆ. ಮೊಲೈಸನ್ ಕೂಡ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬರೆಯುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತಿದ್ದರು, ಹಿಂದೆಂದೂ ಅದನ್ನು ಮಾಡಿಲ್ಲ ಅನ್ನುತ್ತಲೇ.

ಈ 14 ಜನರದ್ದು ತುತ್ತತುದಿಯ ಕತೆ. ಅದಕ್ಕಿಂತ ಕೆಳಗೆ, ಸ್ಕ್ಯಾನ್‌ನಲ್ಲಿ ಏನೂ ಎದ್ದು ಕಾಣದ ದೊಡ್ಡ ಗುಂಪೊಂದಿದೆ. ವರ್ಷಗಟ್ಟಲೆ ಒಪಿಯಾಯ್ಡ್ ತಗೊಂಡವರಲ್ಲಿ ಗಮನ, ಕೆಲಸದ ನಡುವೆ ಮಾಹಿತಿ ಹಿಡಿದಿಟ್ಟುಕೊಳ್ಳುವುದು, ಮುಂದಿನದನ್ನು ಯೋಚಿಸಿ ನಿರ್ಧಾರ ಮಾಡುವುದು ಕುಗ್ಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಈಗಿನ ಚಿಕ್ಕ ಲಾಭ, ನಾಳೆಯ ದೊಡ್ಡ ನಷ್ಟ ಎರಡನ್ನೂ ಎದುರಿಗಿಟ್ಟರೆ ಈಗಿನದನ್ನೇ ಆರಿಸುತ್ತಾರೆ. ಬಿಟ್ಟ ಮೇಲೆ ತಿಂಗಳುಗಳಲ್ಲಿ ಇದರಲ್ಲಿ ಒಂದು ಪಾಲು ಮರಳುತ್ತದೆ. ಎಷ್ಟು ಸಲ ಓವರ್‌ಡೋಸ್ ಆಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಪ್ರತಿ ಸಲವೂ ಮೆದುಳು ಉಸಿರಿಲ್ಲದೆ ಕೂತಿರುತ್ತದೆ. ಸತ್ತವರ ಸಂಖ್ಯೆ ಎಲ್ಲರಿಗೂ ಗೊತ್ತು: 2021ರಿಂದ ಮೂರು ವರ್ಷ ಅಮೆರಿಕದಲ್ಲಿ ಓವರ್‌ಡೋಸ್‌ನಿಂದ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜನ ಸತ್ತರು. ಬದುಕಿದವರು ಅದಕ್ಕಿಂತ ಎಷ್ಟೋ ಪಟ್ಟು. ಅವರ ಮೆದುಳಿನ ಲೆಕ್ಕ ಇಡುವವರಿಲ್ಲ.

ಮನೆಯವರು ತಿಳಿದಿರಬೇಕಾದ ಇನ್ನೊಂದು ವಿಷಯ ಇದೆ. ಓವರ್‌ಡೋಸ್ ಆಗಿ ಪೂರ್ತಿ ಚೇತರಿಸಿಕೊಂಡು ಮನೆಗೆ ಬಂದವರು ಒಂದರಿಂದ ನಾಲ್ಕು ವಾರದಲ್ಲಿ ಮತ್ತೆ ಕುಸಿಯುವುದು ಅಪರೂಪಕ್ಕೆ ಉಂಟು. ಮಾತು ಕಡಿಮೆಯಾಗುತ್ತದೆ, ನಡಿಗೆ ಬಿಗಿಯಾಗುತ್ತದೆ, ಮಂಕು ಕವಿಯುತ್ತದೆ. ಮತ್ತೆ ಡ್ರಗ್ ತಗೊಂಡ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿರಬೇಕಿಲ್ಲ. ಆಮ್ಲಜನಕ ತಪ್ಪಿದ ಮೆದುಳಿನ ಬಿಳಿಭಾಗದ ನರತಂತುಗಳ ಹೊದಿಕೆ ತಡವಾಗಿ ಕಳಚಿದಾಗಲೂ ಹೀಗಾಗುತ್ತದೆ. ಇದಕ್ಕೆ ಮತ್ತೆ ಎಂಆರ್‌ಐ ಬೇಕು, ಬೈಗುಳ ಅಲ್ಲ.

ನಮ್ಮಲ್ಲಿ ಬೀದಿ ಫೆಂಟನಿಲ್ ಅಮೆರಿಕದ ಮಟ್ಟಕ್ಕೆ ಬಂದಿಲ್ಲ, ನಿಜ. ಆದರೆ ಒಪಿಯಾಯ್ಡ್ ನಮಗೆ ದೂರದ್ದೇನಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಒಪಿಯಾಯ್ಡ್ ಬಳಸುತ್ತಾರೆ, 10ರಿಂದ 75 ವಯಸ್ಸಿನವರಲ್ಲಿ ಶೇಕಡಾ 2.06. ಹೆರಾಯಿನ್ ಬಿಟ್ಟರೆ ಅದರಲ್ಲಿ ದೊಡ್ಡ ಪಾಲು ನೋವಿನ ಮಾತ್ರೆ, ಸಿರಪ್, ಇಂಜೆಕ್ಷನ್‌ಗಳದ್ದು. ಟ್ರಮಡಾಲ್ ಮಾತ್ರೆಯನ್ನು 2018ರಲ್ಲಿ ಮಾದಕ ವಸ್ತು ಕಾಯ್ದೆಯ ಕೆಳಗೆ ತಂದರು. ಟಪೆಂಟಡಾಲ್ ಮಾತ್ರೆಯನ್ನು ಪುಡಿ ಮಾಡಿ ಚುಚ್ಚಿಕೊಳ್ಳುವುದು ಈಗ ನಮ್ಮ ಊರುಗಳಲ್ಲೂ ಕೇಳಿಬರುವ ಮಾತು. ಟ್ರಮಡಾಲ್, ಟಪೆಂಟಡಾಲ್ ಎರಡೂ ಮಾರ್ಫಿನ್ ಹುಡುಕುವ ಆ ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ. ಮ್ಯಾಸಚೂಸೆಟ್ಸ್‌ನ ತೊಡಕು ಇಲ್ಲಿಗೂ ಹಾಗೇ ಅನ್ವಯಿಸುತ್ತದೆ: ‘ಒಪಿಯಾಯ್ಡ್ ನೆಗೆಟಿವ್’ ಅಂತ ವರದಿ ಬಂದರೆ ಒಪಿಯಾಯ್ಡ್ ಇಲ್ಲ ಅಂತಲ್ಲ. ಏನು ತಗೊಂಡಿದ್ದ ಅಂತ ಗೊತ್ತಿರುವ ಗೆಳೆಯ ಬಾಯಿಬಿಟ್ಟರೆ ಅದೇ ಒಳ್ಳೇ ಟೆಸ್ಟು. ಪೊಲೀಸ್ ಕೇಸಿನ ಭಯಕ್ಕೆ ಗೆಳೆಯರು ಆಸ್ಪತ್ರೆ ಗೇಟಿನಲ್ಲೇ ಮಾಯವಾದರೆ ಆ ಟೆಸ್ಟೂ ಇಲ್ಲ.

ನೆನಪನ್ನು ಸರಿಯಾಗಿ ಅಳೆಯುವ ಸಾಧನ ನಮ್ಮಲ್ಲಿ ಇಲ್ಲದೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಭಾರತೀಯರಿಗೆ ಹೊಂದುವಂತೆ ರೂಪಿಸಿದ ಪರೀಕ್ಷೆಗಳ ಗುಚ್ಛದಲ್ಲಿ 15 ಪದಗಳ ಪಟ್ಟಿಯೊಂದಿದೆ. ಐದು ಸಲ ಓದಿ ಹೇಳಿ, ಪ್ರತಿ ಸಲವೂ ವಾಪಸ್ ಹೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಹಿಪೊಕ್ಯಾಂಪಸ್ ಕೆಟ್ಟವನು ಆ ಕೊನೆಯ ಸುತ್ತಿನಲ್ಲಿ ಸಿಕ್ಕಿಬೀಳುತ್ತಾನೆ. ಅದೇ ಆವರಣದಲ್ಲಿ ವ್ಯಸನ ಚಿಕಿತ್ಸಾ ವಿಭಾಗವೂ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಅಷ್ಟೆಲ್ಲ ಆಗದು. ಅಲ್ಲಿ ಆಗುವುದು ಮೂರು ಪದ, ಐದು ನಿಮಿಷ. ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ನಶೆ ಪೂರ್ತಿ ಇಳಿದ ಮೇಲೆ, ಡಿಸ್ಚಾರ್ಜ್‌ಗೆ ಮುಂಚೆ ಒಂದು ಸಲ ಕೇಳಿದರೆ ಸಾಕು. ತಪ್ಪಿದರೆ ಮಾರನೇ ದಿನ ಇನ್ನೊಂದು ಸಲ. ಆಗಲೂ ತಪ್ಪಿದರೆ ಎಂಆರ್‌ಐಗೆ ಬರೆಯಬೇಕು, ಅದೂ ಬೇಗ. ಎರಡೂ ಬದಿ ಬೆಳ್ಳಗೆ ಕಾಣುವ ಆ ಗುರುತು ಒಂದೆರಡು ವಾರಕ್ಕೆ ಮಸುಕಾಗುತ್ತದೆ. ಆಮೇಲೆ ಮಾಡಿಸಿದ ಸ್ಕ್ಯಾನ್‌ಗೆ ‘ವಿಶೇಷ ಏನಿಲ್ಲ’ ಅಂತ ವರದಿ ಬರಬಹುದು, ಆ ವರದಿ ಹಿಡಿದು ಮನೆಯವರು ಅವನನ್ನೇ ಬೈಯಬಹುದು.

ಮ್ಯಾಸಚೂಸೆಟ್ಸ್‌ನ 14 ಎಂಬ ಸಂಖ್ಯೆಯನ್ನೂ ಹೀಗೇ ಓದಬೇಕು. ಸಮಯಕ್ಕೆ ಆಸ್ಪತ್ರೆ ಸೇರಿ, ಐದು ನಿಮಿಷ ಕಾಯುವ ವೈದ್ಯರು ಸಿಕ್ಕಿ, ಬೇಗ ಸ್ಕ್ಯಾನ್ ಆಗಿ, ಆ ವೈದ್ಯರು ಇಲಾಖೆಯ ಇಮೇಲ್ ಓದಿ ಉತ್ತರಿಸಿದವರು ಮಾತ್ರ ಆ 14. ಸಂಸ್ಥೆಯೂ ವಿಮೆಯೂ ಇರುವ ಬಾಸ್ಟನ್‌ನಲ್ಲೇ ಹೀಗೆ. ಕರ್ನಾಟಕದಲ್ಲಿ ಯಾರಿಗಾದರೂ ಇಂಥ ಅನುಮಾನ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವಾಗ ಚಟದ ಬಗ್ಗೆ ಮಾತ್ರ ಹೇಳಿ ಇಡಬೇಡಿ. ಎಷ್ಟು ಸಲ ಪ್ರಜ್ಞೆ ತಪ್ಪಿತ್ತು, ಪ್ರತಿ ಸಲ ಎಷ್ಟು ಹೊತ್ತು, ತುಟಿ ನೀಲಿಯಾಗಿತ್ತಾ, ಅದಾದ ಮೇಲೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾನಾ ಎಂಬುದನ್ನೂ ಹೇಳಿ.